ಈ ಲೆಕ್ಕ ಯಾರಿಗೆ?

ಒತ್ತಾಯಕ್ಕೆ ಮಾಡಿದ ಒಳಿತು ಒಳಿತೇ? ಕಂಪೆನಿಗಳು ವರ್ಷವರ್ಷ ಪ್ರಕಟಿಸುವ ಸಾಮಾಜಿಕ ಹೊಣೆಗಾರಿಕೆಯ ವರದಿಗಳನ್ನು ಓದುವಾಗ ಏಳುವ ಪ್ರಶ್ನೆಯಿದು.

ತೈಲ ಕಂಪೆನಿ ಶೆಲ್‌ನ ಉದಾಹರಣೆ ನೋಡಿ. 1995ರಲ್ಲಿ ಅದು ಬ್ರೆಂಟ್ ಸ್ಪಾರ್ ಎಂಬ ಹಳೆಯ ತೈಲ ಸಂಗ್ರಹಾಗಾರವನ್ನು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸಲು ಹೊರಟಾಗ ಜರ್ಮನಿಯ ಜನ ಅದರ ಪೆಟ್ರೋಲ್ ಬಂಕ್‌ಗಳನ್ನು ಬಹಿಷ್ಕರಿಸಿದರು. ಅದೇ ನವೆಂಬರ್‌ನಲ್ಲಿ, ನೈಜೀರಿಯದ ಒಗೋನಿ ನಾಡಿನ ತೈಲ ಮಾಲಿನ್ಯದ ವಿರುದ್ಧ ದನಿಯೆತ್ತಿದ್ದ ಸಾಹಿತಿ ಕೆನ್ ಸಾರೊ-ವಿವಾ ಮತ್ತು ಇತರ ಎಂಟು ಮಂದಿಯನ್ನು ಅಲ್ಲಿನ ಸೇನಾ ಸರಕಾರ ಗಲ್ಲಿಗೇರಿಸಿತು. ಜಗತ್ತು ಶೆಲ್‌ನತ್ತಲೂ ಬೆರಳು ತೋರಿಸಿತು. 1998ರಲ್ಲಿ ಲಾಭ ಮತ್ತು ತತ್ವಗಳ ಕುರಿತು ಅದರ ವರದಿ ಹೊರಬಂತು. ಒಗೋನಿಯ ಮಣ್ಣು ಏನಾಯಿತು? ಅದರ ಶುದ್ಧೀಕರಣಕ್ಕೆ 25ರಿಂದ 30 ವರ್ಷ ಬೇಕಾದೀತೆಂದು ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2011ರಲ್ಲಿ ಹೇಳಿತು. ಒತ್ತಡ ವರದಿಯನ್ನು ಬರೆಸಿತು, ನೆಲವನ್ನು ತೊಳೆಯಲಿಲ್ಲ. ಏಕೆಂದರೆ ವರದಿ ಉತ್ತರಿಸುವುದು ಒತ್ತಡ ಹೇರಬಲ್ಲ ಗ್ರಾಹಕನಿಗೆ, ಹೂಡಿಕೆದಾರನಿಗೆ, ಪತ್ರಿಕೆಗಳಿಗೆ.

ನಮ್ಮಲ್ಲಿ ಒತ್ತಡ ಕಾನೂನಿನದು. ದೊಡ್ಡ ಕಂಪೆನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಮಾಜಕ್ಕೆ ವ್ಯಯಿಸಿ ವರದಿ ನೀಡಬೇಕೆನ್ನುತ್ತದೆ 2013ರ ಕಂಪೆನಿ ಕಾಯ್ದೆ. ಉಳಿದ 98ನ್ನು ಗಳಿಸಿದ ಬಗೆಯನ್ನು ಆ ಲೆಕ್ಕ ಹೇಳುವುದಿಲ್ಲ.

ಕಡ್ಡಾಯವೆಂಬ ಕಾರಣಕ್ಕೆ ಒಳಿತು ಕೆಡುವುದಿಲ್ಲ. ಝಕಾತ್ ಕೂಡಾ ಕಡ್ಡಾಯವೇ. ಆದರೆ ಅಲ್ಲಿ ಪಡೆಯುವವನು ಹಕ್ಕುದಾರ, ಕೊಡುವವನು ಋಣ ತೀರಿಸುವವನು. ಲೆಕ್ಕ ಕೇಳುವವನು ಅಲ್ಲಾಹನು.

ಹೊರಗಿನ ಒತ್ತಡ ಬೇಕು. ಆದರೆ ಲೆಕ್ಕ ಕೇಳುವ ಹಕ್ಕು ನೊಂದವನಿಗೂ ಇರಬೇಕು. ವರದಿಯ ಮುಖಪುಟದಲ್ಲಿ ನಗುವ ಮಗುವಿದ್ದರೆ ಸಾಲದು. ಆ ಮಗುವಿನ ಊರಿನ ಬಾವಿಯ ನೀರು ಹೇಗಿದೆಯೆಂದು ಊರಿನವರೇ ಒಳಪುಟದಲ್ಲಿ ಬರೆಯುವಂತಾಗಬೇಕು.