ವಾಹನ ಇಳಿಯುವ ಜಾಗ

ಗುಂಡ್ಲುಪೇಟೆ ದಾಟಿ ಊಟಿ ರಸ್ತೆಯಲ್ಲಿ ಸಾಗಿ ಹಂಗಳದಲ್ಲಿ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ಮುಂಗಾರು ಹಿಡಿದ ಮೇಲೆ ಈ ಸೀಮೆಯಲ್ಲಿ ಎಲ್ಲಿ ನೋಡಿದರೂ ಸೂರ್ಯಕಾಂತಿ, ಚೆಂಡುಹೂವಿನ ಹೊಲಗಳು. ಭಾನುವಾರ ಬಂತೆಂದರೆ ಬೆಂಗಳೂರು, ಮೈಸೂರುಗಳಿಂದ ನಸುಕಿಗೇ ಹೊರಟ ಬೈಕುಗಳು ಸಾಲುಗಟ್ಟಿ ಇಲ್ಲಿಗೆ ಬರುತ್ತವೆ. ಬೆಟ್ಟದ ಬುಡದಲ್ಲಿ ಗೇಟು. ಖಾಸಗಿ ವಾಹನ ಅಲ್ಲಿಂದ ಮುಂದಕ್ಕಿಲ್ಲ. ಸೈಡ್ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು ಕೆಎಸ್‌ಆರ್‌ಟಿಸಿ ಬಸ್ಸಿಗೆ ಸರದಿ ನಿಲ್ಲಬೇಕು.

ಘಾಟಿಯ ತಿರುವುಗಳಿಗೆಂದೇ ಬಂದವರ ಮುಖ ಅಲ್ಲಿ ಸಪ್ಪಗಾಗುತ್ತದೆ. ಅವರ ಬೇಸರವನ್ನು ಹಗುರವಾಗಿ ಕಾಣುವಂತಿಲ್ಲ. ಗಾಜು ಏರಿಸಿದ ಕಾರಿನವರಿಗೆ ಸಿಗದ್ದು ಬೈಕಿನವರಿಗೆ ಸಿಗುತ್ತದೆ: ಮೊಣಕೈಗೆ ಕೊರೆಯುವ ಚಳಿ, ಒದ್ದೆ ಮಣ್ಣಿನ ವಾಸನೆ, ತಿರುವಿನಲ್ಲಿ ಮೈ ವಾಲಿದಾಗ ತನ್ನನ್ನೇ ಮರೆಯುವ ಒಂದು ಗಳಿಗೆ. ಅದನ್ನೇ ಧ್ಯಾನವೆನ್ನುವ ಸವಾರರಿದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ಹಾಗಾದರೆ ದಾರಿಯೇ ದೇವರಾದವನಿಗೆ ಗೇಟು ಏಕೆ?

ಕನ್ನಡದಲ್ಲಿ ಬೈಕೂ ವಾಹನವೇ, ದೇವರು ಏರುವ ಪ್ರಾಣಿಯೂ ವಾಹನವೇ. ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣಿಟ್ಟು ಕೈಮುಗಿಯುವಾಗ ಎರಡೂ ಒಂದೇ ಆಗಿಬಿಡುತ್ತವೆ. ಇದೇ ಚಾಮರಾಜನಗರ ಜಿಲ್ಲೆಯ ಇನ್ನೊಂದು ತುದಿಯ ಎಪ್ಪತ್ತೇಳು ಮಲೆಯ ಒಡೆಯ ಮಾದಪ್ಪನ ವಾಹನ ಹುಲಿ. ಕಾಡು ಅವನನ್ನು ಹೊತ್ತು ನಡೆಯುತ್ತದೆ. ನಮ್ಮ ವಾಹನದ ಸದ್ದಿಗೋ ಹುಲಿ ದಾರಿ ಬಿಟ್ಟು ಸರಿಯುತ್ತದೆ. ಹೆಸರು ಒಂದೇ, ನಡೆ ತದ್ವಿರುದ್ಧ.

ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದಪ್ಪನ, ಅಂದರೆ ಮಾದೇಶ್ವರನ, ಕಾವ್ಯ ಮೊದಲಿಂದ ಕೊನೆವರೆಗೂ ಸಂಚಾರದ ಕತೆ. ಸುತ್ತೂರು, ಕುಂತೂರು ಎಂದು ಊರೂರು ಸುತ್ತುತ್ತಾ ಬರುವ ಆ ದೇವರು ಸುಮ್ಮನೆ ಹಾದುಹೋಗುವವನಲ್ಲ. ಆಲಂಬಾಡಿ ಜುಂಜೇಗೌಡನ ಮನೆ, ಸರಗೂರಯ್ಯನ ಮನೆ, ಸಂಕಮ್ಮನ ಬಳಿ ನಿಲ್ಲುತ್ತಾನೆ, ಕಾಡುತ್ತಾನೆ, ಒಲಿಯುತ್ತಾನೆ. ಅವನು ನಿಂತಲ್ಲೆಲ್ಲ ಒಂದೊಂದು ಕತೆ ಹುಟ್ಟುತ್ತದೆ. ಶರಣರು ಸ್ಥಾವರಕ್ಕಿಂತ ಜಂಗಮವನ್ನು ದೊಡ್ಡದೆಂದದ್ದು ನಿಜ. ಆದರೆ ಜಂಗಮ ಬಾಗಿಲಿಗೆ ಬಂದು ನಿಲ್ಲುವವನು. ಬರೀ ಚಲನೆಗೆ ಆ ಹೆಸರು ಸಲ್ಲದು. ಇಡೀ ಗುಂಡ್ಲುಪೇಟೆ ತಾಲ್ಲೂಕನ್ನು ಒಂದೇ ದಿನದಲ್ಲಿ ಸುತ್ತಿ ಯಾರ ಜಗಲಿಯ ಮೇಲೂ ಕೂರದೆ ವಾಪಸಾದವನು ಎಷ್ಟು ಕಿಲೋಮೀಟರ್ ಓಡಿಸಿದರೇನು?

ನಿಲ್ಲುವುದರಲ್ಲೂ ಎರಡು ಬಗೆ. 2025ರ ಆಗಸ್ಟ್‌ನಲ್ಲಿ ಬಂಡೀಪುರದ ರಸ್ತೆಯಲ್ಲಿ ಆನೆಯ ಪಟ ತೆಗೆಯಲು ವಾಹನ ಇಳಿದವರೊಬ್ಬರನ್ನು ಆನೆ ಅಟ್ಟಿಸಿ ಕೆಡವಿತು. ಪುಣ್ಯಕ್ಕೆ ಜೀವ ಉಳಿಯಿತು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಮಾದಪ್ಪ ನಿಂತದ್ದು ಮನುಷ್ಯರನ್ನು ಪರೀಕ್ಷಿಸಲು. ಇಲ್ಲಿ ನಿಂತದ್ದು ಆನೆಯನ್ನು ಪಟವಾಗಿಸಲು.

ಗೋಪಾಲಸ್ವಾಮಿ ಬೆಟ್ಟದ ಬಸ್ಸು 1,454 ಮೀಟರ್ ಎತ್ತರಕ್ಕೆ ತಂದು ಇಳಿಸಿದಾಗ ಮಂಜು ಕಣ್ಣಿಗೆ ಕಟ್ಟುತ್ತದೆ. ಹೊಯ್ಸಳರ ಕಾಲದ ಗುಡಿ. ಗರ್ಭಗುಡಿಯ ಬಾಗಿಲ ಮೇಲೆ ನೀರು ಹನಿಹನಿಯಾಗಿ ಜಿನುಗುತ್ತದೆ. ಅದನ್ನೇ ಭಕ್ತರು ತೀರ್ಥವೆಂದು ಕಣ್ಣಿಗೊತ್ತಿಕೊಳ್ಳುತ್ತಾರೆ. ಹನಿಗೆ ಅವಸರವಿಲ್ಲ. ಕೊಳಲು ಹಿಡಿದ ಗೋಪಾಲನೆದುರು ಜರ್ಕಿನ್ ತೊಟ್ಟ ಹುಡುಗನೂ ಅಂಗೈ ಚಾಚಿ ಕಾಯಲೇಬೇಕು.

ಪೂರ್ವಕ್ಕೆ, ಸೋಲಿಗರು ಭಾವನೆಂದು ಕರೆಯುವ ಬಿಳಿಗಿರಿ ರಂಗಪ್ಪನಿಗೆ ವಾಹನದ ಮಾತೇ ಬೇಡ, ಅವನು ಕಾಲ್ನಡಿಗೆಯವನು. ಭಕ್ತರು ಅವನಿಗೆ ದೊಡ್ಡ ಚರ್ಮದ ಪಾದುಕೆಗಳನ್ನು ಮಾಡಿ ಒಪ್ಪಿಸುತ್ತಾರೆ. ರಾತ್ರಿ ಕಾಡು ಸುತ್ತಿ ಸುತ್ತಿ ಅವು ಸವೆಯುತ್ತವೆ ಎಂಬುದು ನಂಬಿಕೆ. ಸವೆದಂತೆ ಹೊಸ ಜೋಡು.

ಬಂಡೀಪುರದ ಎರಡು ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ ಜಾರಿಗೆ ಬಂದದ್ದು 2009ರಲ್ಲಿ. ಊಟಿ ಕಡೆ, ವಯನಾಡಿನ ಕಡೆ, ಎರಡೂ ದಾರಿಗೆ ಗೇಟು ಬೀಳುತ್ತದೆ. ತಡವಾಗಿ ಬಂದ ಸವಾರ ಎಂಜಿನ್ ಆರಿಸಿದಾಗ ಕಾದ ಸೈಲೆನ್ಸರ್ ಟಿಕ್ ಟಿಕ್ ಎನ್ನುತ್ತಾ ತಣಿಯುತ್ತದೆ. ಗೇಟಿನಾಚೆಯ ಡಾಂಬರಿನ ಮೇಲೆ ಬೆಳಗಿನ ತನಕ ನಡೆದು ಹೋಗುವವರಿಗಷ್ಟೇ ದಾರಿ.