ಅವಲಕ್ಕಿಯ ಗಂಟು

ಹೋಟೆಲಿನಲ್ಲಿ ತಿಂಡಿ ಮುಗಿದ ಮೇಲೆ ಸಪ್ಲೈಯರು ಬಿಲ್ಲನ್ನು ಸೋಂಪಿನ ಬಟ್ಟಲಿನ ಕೆಳಗೆ ಸಿಕ್ಕಿಸಿ ಮೇಜಿನ ಮೇಲಿಟ್ಟು ಹೋಗುತ್ತಾನೆ. ಆಮೇಲಿನ ನಾಲ್ಕೈದು ಸೆಕೆಂಡುಗಳನ್ನು ನೀವು ಗಮನಿಸಿರಬಹುದು. ಒಬ್ಬ ಜೇಬಿಗೆ ಕೈ ಹಾಕುತ್ತಾನೆ, ಇನ್ನೊಬ್ಬ ಅವನ ಕೈ ಹಿಡಿಯುತ್ತಾನೆ, ಮೂರನೆಯವನಿಗೆ ಸರಿಯಾಗಿ ಅದೇ ಹೊತ್ತಿಗೆ ಕೈ ತೊಳೆಯುವ ನೆನಪಾಗುತ್ತದೆ. ಆ ಮೂರನೆಯವನನ್ನು ನೋಡಿ ನಾವು ನಗುತ್ತೇವೆ, ಜಿಪುಣ ಎನ್ನುತ್ತೇವೆ. ಅವನು ಜಿಪುಣನೇ ಇರಬಹುದು. ಅವನ ಜೇಬಿನಲ್ಲಿ ಊರಿಗೆ ಹಿಂತಿರುಗುವ ಬಸ್ಸಿನ ದುಡ್ಡು ಮಾತ್ರ ಇರಲೂಬಹುದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ ಕಾಣುತ್ತವೆ. ಸಮಾನತೆಯ ಮೇಲೆ ದೊಡ್ಡ ದೊಡ್ಡ ಗ್ರಂಥಗಳಿವೆ. ಆದರೆ ಗೆಳೆತನದಲ್ಲಿ ಸಮಾನತೆಯ ಪರೀಕ್ಷೆ ನಡೆಯುವುದು ಇಂಥ ಕಡೆಯೇ ಎಂದು ನನಗೆ ಅನ್ನಿಸುತ್ತದೆ.

ನಾವು ಐವರು ಸುಮಾರು ಐವತ್ತು ವರ್ಷಗಳ ಹಿಂದೆ ಮೈಸೂರಿನ ಒಂದು ಹಾಸ್ಟೆಲಿನಲ್ಲಿ ಒಟ್ಟಿಗಿದ್ದು ಓದಿದವರು. ಆಗ ಐವರೂ ಸಮಾನವಾಗಿ ಬಡವರು. ಒಂದು ಕಾಫಿಯನ್ನು ಇಬ್ಬರು ಹಂಚಿಕೊಂಡು ಕುಡಿಯುವುದು ನಮಗೆ ಮೋಜಾಗಿರಲಿಲ್ಲ, ಅನಿವಾರ್ಯವಾಗಿತ್ತು. ಯಾರ ಮನೆಯಿಂದ ಮನಿಯಾರ್ಡರು ಬಂತೋ ಆ ವಾರಕ್ಕೆ ಅವನೇ ಶ್ರೀಮಂತ. ಮುಂದಿನ ವಾರ ಇನ್ನೊಬ್ಬ. ಸಿರಿತನ ಬಡತನಗಳು ಹೀಗೆ ಸರದಿಯ ಮೇಲೆ ಬಂದು ಹೋಗುತ್ತಿದ್ದುದರಿಂದ ಯಾರ ಮೈಗೂ ಅಂಟಿಕೊಳ್ಳಲಿಲ್ಲ. ಆಮೇಲೆ ಅಂಟಿಕೊಂಡವು. ಒಬ್ಬ ಬೆಂಗಳೂರಿನಲ್ಲಿ ಕಂಟ್ರಾಕ್ಟರಾಗಿ ಕಟ್ಟಡಗಳ ಮೇಲೆ ಕಟ್ಟಡ ಎಬ್ಬಿಸಿದ. ಒಬ್ಬ ಬ್ಯಾಂಕು ಸೇರಿ ಪಿಂಚಣಿ ಪಡೆದ. ಒಬ್ಬ ಹಳ್ಳಿಯಲ್ಲಿ ಹೈಸ್ಕೂಲ್ ಮೇಷ್ಟ್ರಾದ. ನಾನು ಅವನಿಗಿಂತ ಸ್ವಲ್ಪ ಹೆಚ್ಚು ಸಂಬಳದ ಮೇಷ್ಟ್ರಾದೆ. ಐದನೆಯವನು ತಾಲ್ಲೂಕು ಕೇಂದ್ರದಲ್ಲಿ ಪ್ರೆಸ್ಸು ಇಟ್ಟ. ಅಚ್ಚುಮೊಳೆ ಜೋಡಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆಫ್‌ಸೆಟ್ ಬಂದಾಗ ಸಾಲ ಮಾಡಿ ಹೊಸ ಯಂತ್ರ ತಂದ. ಆಮೇಲೆ ಫ್ಲೆಕ್ಸು ಬಂತು. ಈಗ ಲಗ್ನಪತ್ರಿಕೆಯೂ ವಾಟ್ಸಾಪಿನಲ್ಲೇ ಮನೆಮನೆಗೆ ಹೋಗುತ್ತದೆ. ಅವನ ಪ್ರೆಸ್ಸಿಗೆ ಉಳಿದಿರುವುದು ಬಿಲ್ ಪುಸ್ತಕ ಮತ್ತು ವೈಕುಂಠ ಸಮಾರಾಧನೆಯ ಕಾರ್ಡು.

ವರ್ಷಕ್ಕೊಮ್ಮೆ, ಮಳೆಗಾಲ ಕಳೆದು ಚಳಿ ಶುರುವಾಗುವ ಹೊತ್ತಿಗೆ, ಒಂದು ಶನಿವಾರ ಭಾನುವಾರ ನಾವು ಮೈಸೂರಿನಲ್ಲಿ ಸೇರುತ್ತೇವೆ. ಅಲ್ಲಿ ನಾವು ಮಾಡುವುದನ್ನು ಹೇಳಿದರೆ ನಮ್ಮ ಮಕ್ಕಳಿಗೆ ನಗು ಬರುತ್ತದೆ. ಬೆಂಗಳೂರಿನಿಂದ ಬರುವವರು ರೈಲಿನಲ್ಲೇ ಬರಬೇಕು, ಮದ್ದೂರು ವಡೆ ತರಬೇಕು. 2023ರಲ್ಲಿ ತೆರೆದ ಹೊಸ ಹೆದ್ದಾರಿ ಮದ್ದೂರನ್ನು ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಕಾರಿನಲ್ಲಿ ಬಂದವನಿಗೆ ಒಂದು ಗಂಟೆ ಉಳಿಯುತ್ತದೆ, ವಡೆ ತಪ್ಪುತ್ತದೆ. ಶನಿವಾರ ಬೆಳಿಗ್ಗೆ ನಜರಬಾದಿನ ಮೈಲಾರಿಯಲ್ಲಿ ದೋಸೆ. ಹತ್ತಿಯಂತೆ ಮೆತ್ತಗಿರುವ ಆ ದೋಸೆಯ ಮೇಲೆ ಬೆಣ್ಣೆ ಕರಗುವುದನ್ನು ಮಾತಾಡದೆ ನೋಡುವುದು. ಆಮೇಲೆ ದೇವರಾಜ ಮಾರುಕಟ್ಟೆ. 2016ರಲ್ಲಿ ಅದರ ಒಂದು ಭಾಗ ಕುಸಿದಾಗ ಮನೆಯವರಿಗೆ ಏನೋ ಆದಂತೆ ನಾವು ಐವರೂ ಒಬ್ಬರಿಗೊಬ್ಬರು ಫೋನು ಮಾಡಿದ್ದೆವು. ಅಲ್ಲಿ ಅರಿಶಿನ ಕುಂಕುಮದ ರಾಶಿಗಳ ಮುಂದೆ ಸುಮ್ಮನೆ ನಡೆದು, ಒಂದು ಕಟ್ಟು ಮೈಸೂರು ವೀಳ್ಯದೆಲೆ, ಒಂದೊಂದು ಮೊಳ ಮಲ್ಲಿಗೆ ಕೊಳ್ಳುವುದು. ಭಾನುವಾರ ಸಂಜೆಗೆ ಮಲ್ಲಿಗೆ ಬಾಡಿರುತ್ತದೆ; ಆದರೂ ಮನೆಗೆ ತೆಗೆದುಕೊಂಡು ಹೋಗುತ್ತೇವೆ. ಸಂಜೆ ಕುಕ್ಕರಹಳ್ಳಿ ಕೆರೆಯ ಸುತ್ತ ನಡಿಗೆ. ಭಾನುವಾರ ಬೆಳಗಿನ ಜಾವ ಚಾಮುಂಡಿ ಬೆಟ್ಟದ ಮೆಟ್ಟಿಲು, ನಂದಿಯವರೆಗಾದರೂ. ಮೊಣಕಾಲಿಗೆ ಬ್ಯಾಂಕ್ ಬ್ಯಾಲೆನ್ಸು ಗೊತ್ತಾಗುವುದಿಲ್ಲ, ಎಲ್ಲರೂ ಒಂದೇ ಕಡೆ ಕೂತು ಏದುಸಿರು ಬಿಡುತ್ತೇವೆ. ಕತ್ತಲಾದ ಮೇಲೆ ಅರಮನೆಯ ದೀಪ ನೋಡಿ ಊರಿಗೆ ಹೊರಡುವುದು.

ಈ ಪಟ್ಟಿಯನ್ನು ಒಮ್ಮೆ ಲೆಕ್ಕಪತ್ರದ ಕಣ್ಣಿನಿಂದ ನೋಡಿದೆ. ಕುಕ್ಕರಹಳ್ಳಿ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ವ್ಯವಸಾಯಕ್ಕೆ ನೀರು ಬೇಕೆಂದು ಆದದ್ದು. ಬೆಟ್ಟದ ನಂದಿಯನ್ನು ಮಾಡಿಸಿದವರು ದೊಡ್ಡ ದೇವರಾಜ ಒಡೆಯರು. 1897ರಲ್ಲಿ ಹಳೆಯ ಮರದ ಅರಮನೆ ಸುಟ್ಟುಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸ ಮಾಡಿ 1912ರಲ್ಲಿ ಮುಗಿದದ್ದು ಈಗಿನ ಅರಮನೆ. ಸುಮಾರು ಒಂದು ಲಕ್ಷ ದೀಪಗಳು ಒಟ್ಟಿಗೆ ಹತ್ತಿಕೊಳ್ಳುವಾಗ ಕಡಲೆಕಾಯಿ ಮಾರುವವನೂ ನಮ್ಮ ಕಂಟ್ರಾಕ್ಟರೂ ಒಟ್ಟಿಗೇ ಆ ಎನ್ನುತ್ತಾರೆ. ರಾಜರು ತಮಗಾಗಿ ಕಟ್ಟಿಕೊಂಡದ್ದೂ ಕಾಲ ಕಳೆದ ಮೇಲೆ ಯಾರದೂ ಅಲ್ಲದ್ದಾಗಿ, ಆದ್ದರಿಂದ ಎಲ್ಲರದ್ದಾಗಿ, ನಮಗೆ ಸಿಕ್ಕಿದೆ. ನಮ್ಮ ಎರಡು ದಿನದ ಸುಖದಲ್ಲಿ ಮುಕ್ಕಾಲು ಪಾಲು ಇಂಥದು. ಉಳಿದ ಕಾಲು ಪಾಲು ದೋಸೆ, ಕಾಫಿ, ಲಾಡ್ಜಿನ ಬಾಡಿಗೆ. ಈ ಕಾಲು ಪಾಲಿನಲ್ಲೇ ಒಂದು ವರ್ಷ ತಕರಾರು ಹುಟ್ಟಿತು.

ಆ ವರ್ಷ ಕಂಟ್ರಾಕ್ಟರು ಮೊದಲೇ ಫೋನು ಮಾಡಿ, ಊರ ಹೊರಗಿನ ಒಂದು ರೆಸಾರ್ಟಿನಲ್ಲಿ ಐದು ಕೋಣೆ ಹಿಡಿದಿದ್ದೇನೆ, ಓಡಾಡುವುದಕ್ಕೆ ಕಾರಿದೆ, ಯಾರೂ ಒಂದು ಪೈಸೆ ತರಬೇಡಿ ಎಂದ. ಪ್ರೆಸ್ಸಿನವನು ಎರಡು ದಿನ ಬಿಟ್ಟು, ಅದೇ ಶನಿವಾರ ಮೊಮ್ಮಗಳ ನಾಮಕರಣವಿದೆ, ಬರಲಾಗುವುದಿಲ್ಲ ಎಂದು ತಿಳಿಸಿದ. ಆ ಮಗುವಿಗೆ ಹೆಸರಿಟ್ಟು ಏಳು ತಿಂಗಳಾಗಿತ್ತು. ಕಾರ್ಡನ್ನು ಅವನೇ ಅಚ್ಚು ಹಾಕಿ ನಮಗೆಲ್ಲ ಕಳಿಸಿದ್ದ. ಹಳ್ಳಿಯ ಮೇಷ್ಟ್ರು ಆ ಕಾರ್ಡನ್ನು ಎತ್ತಿಟ್ಟುಕೊಂಡಿದ್ದ. ಅವನು ಕಂಟ್ರಾಕ್ಟರಿಗೆ ಫೋನು ಮಾಡಿ, ರೆಸಾರ್ಟು ಬಿಡು ಎಂದ.

ಕಂಟ್ರಾಕ್ಟರಿಗೆ ಸಿಟ್ಟು ಬಂತು. ಅವನು ನನಗೆ ಹೇಳಿದ ಮಾತು ಇದು: “ಅಲ್ಲ ಕಣೋ, ನನ್ನ ದುಡ್ಡು ನನ್ನ ಸ್ನೇಹಿತರಿಗೆ ಖರ್ಚು ಮಾಡೋಕೆ ನಂಗೆ ಹಕ್ಕಿಲ್ವಾ? ಹಾಸ್ಟೆಲಲ್ಲಿ ಅವನ ಮನಿಯಾರ್ಡರಲ್ಲಿ ನಾನು ಎಷ್ಟು ಸಲ ತಿಂದಿಲ್ಲ? ದುಡ್ಡು ಬಂದಿದ್ದೇ ಒಂದು ರೋಗ ಅನ್ನೋ ಹಾಗೆ ನಿಮ್ಮ ಮುಂದೆ ಮುಚ್ಚಿಟ್ಕೊಂಡು ಓಡಾಡ್ಬೇಕಾ?” ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಅವನಲ್ಲಿ ಜಂಬವಿರಲಿಲ್ಲ. ಕೊಡಬೇಕೆಂಬ ಆಸೆಯೂ ಮನುಷ್ಯನಿಗೆ ಹಸಿವಿನ ಹಾಗೆಯೇ. ಅದನ್ನು ಯಾರೂ ತೆಗೆದುಕೊಳ್ಳದಿದ್ದರೆ ನೋವಾಗುತ್ತದೆ.

ಈ ಪ್ರಶ್ನೆ ಹಳೆಯದು. ಗೆಳೆಯರ ಆಸ್ತಿಯೆಲ್ಲ ಒಟ್ಟಿನಲ್ಲಿರಬೇಕು ಎನ್ನುವುದು ಗ್ರೀಕರಲ್ಲಿ ಪೈಥಾಗೊರಸನ ಹೆಸರಿನಲ್ಲಿ ಬಂದ ಮಾತು. ನಮ್ಮ ಕಂಟ್ರಾಕ್ಟರು ಅದನ್ನು ಓದದೆಯೇ ಒಪ್ಪಿದವನು. ಅರಿಸ್ಟಾಟಲನು ಒಟ್ಟಿಗೆ ಉಪ್ಪು ತಿನ್ನದೆ ಸ್ನೇಹವಾಗುವುದಿಲ್ಲ ಎಂಬ ಗಾದೆಯನ್ನು ನೆನೆಯುತ್ತಾನೆ. ನಮ್ಮ ಉಪ್ಪಿನ ಋಣಕ್ಕೆ ಹತ್ತಿರದ ಮಾತು. ಆದರೆ ಅವನೇ ಮುಂದೆ, ಇಬ್ಬರ ನಡುವೆ ಗುಣದಲ್ಲಾಗಲಿ ಐಶ್ವರ್ಯದಲ್ಲಾಗಲಿ ಅಂತರ ಬಹಳ ದೊಡ್ಡದಾದರೆ ಸ್ನೇಹ ಉಳಿಯುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳುತ್ತಾನೆ. ಎಪಿಕ್ಯೂರಸನು ಅಥೆನ್ಸಿನಲ್ಲಿ ಒಂದು ತೋಟ ಕೊಂಡು ಅಲ್ಲಿ ಗೆಳೆಯರೊಂದಿಗೆ ಬದುಕಿದವನು. ಭೋಗವಾದಿ ಎಂದು ಹೆಸರು ಕೆಡಿಸಿಕೊಂಡ ಈತನ ಊಟ ಹೆಚ್ಚಾಗಿ ರೊಟ್ಟಿ, ನೀರು. ಹಬ್ಬ ಮಾಡಬೇಕೆನಿಸಿದಾಗ ತಿನ್ನುವುದಕ್ಕೆ ಒಂದು ಕುಡಿಕೆ ಗಿಣ್ಣು ಕಳಿಸು ಎಂದು ಗೆಳೆಯನಿಗೆ ಬರೆದಿದ್ದನಂತೆ. ಗೆಳೆಯರು ಆಸ್ತಿಯನ್ನು ಒಟ್ಟುಗೂಡಿಸಬಾರದು ಎನ್ನುವುದು ಅವನ ಮತ. ಒಟ್ಟುಗೂಡಿಸಿ ಇಡುವುದೆಂದರೆ ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿಲ್ಲ ಎಂದರ್ಥ, ನಂಬಿಕೆಯಿಲ್ಲದವರು ಗೆಳೆಯರೇ ಅಲ್ಲ ಎಂಬುದು ಅವನ ವಾದ. ಆಸ್ತಿ ಬೇರೆಯಾಗಿಯೇ ಇರಲಿ, ಬೇಕಾದಾಗ ಒಂದು ಕುಡಿಕೆ ಗಿಣ್ಣು ಕೇಳುವಷ್ಟು ಸಲಿಗೆ ಇರಲಿ, ಅಷ್ಟು ಸಾಕು.

ನಮ್ಮಲ್ಲಿ ಈ ವಿಷಯದ ದೊಡ್ಡ ಕಥೆ ಕೃಷ್ಣ ಕುಚೇಲರದು. ಅವರೂ ಹಾಸ್ಟೆಲಿನ ಗೆಳೆಯರೇ, ಸಾಂದೀಪನಿಯ ಗುರುಕುಲದಲ್ಲಿ. ಹರಿಕಥೆಯಲ್ಲಿ ದಾಸರು ಸಾಮಾನ್ಯವಾಗಿ ಕೊನೆಯ ಭಾಗವನ್ನು, ಗುಡಿಸಲು ಅರಮನೆಯಾದದ್ದನ್ನು, ಬಹಳ ಹೊತ್ತು ವರ್ಣಿಸುತ್ತಾರೆ. ನನಗೆ ಅದಕ್ಕಿಂತ ಅವಲಕ್ಕಿ ಮುಖ್ಯ ಎನಿಸುತ್ತದೆ. ಭಾಗವತದ ಪ್ರಕಾರ ಆ ಅವಲಕ್ಕಿಯೂ ಕುಚೇಲನದಲ್ಲ. ಹೆಂಡತಿ ನೆರೆಮನೆಗಳಲ್ಲಿ ಬೇಡಿ ತಂದ ನಾಲ್ಕು ಹಿಡಿ. ಬೇಡಲು ಹೊರಟವನು ಬರಿಗೈಯಲ್ಲಿ ಹೋಗಬಾರದೆಂದು ಆ ಹೆಂಗಸಿಗೆ ಹೊಳೆಯಿತು. ಕುಚೇಲ ನಾಚಿಕೆಯಿಂದ ಆ ಗಂಟನ್ನು ಮುಚ್ಚಿಟ್ಟುಕೊಳ್ಳುತ್ತಾನೆ. ಕೃಷ್ಣ ಕಿತ್ತುಕೊಂಡು ತಿನ್ನುತ್ತಾನೆ. ಅದಕ್ಕೆ ಮೊದಲು ಇಬ್ಬರೂ ಕೂತು, ಸೌದೆ ತರಲು ಕಾಡಿಗೆ ಹೋಗಿ ಮಳೆಯಲ್ಲಿ ಸಿಕ್ಕಿಕೊಂಡ ರಾತ್ರಿಯನ್ನು ನೆನೆಯುತ್ತಾರೆ. ಹಳೆಯ ಮಾತು, ಒಂದು ಹಿಡಿ ಅವಲಕ್ಕಿ. ಇವೆರಡರಲ್ಲಿ ಮಾತ್ರ ದ್ವಾರಕೆಯ ಒಡೆಯನೂ ಆ ಬಡವನೂ ಸಮಾನರು. ಗೆಳೆಯನ ಅವಲಕ್ಕಿ ತಿನ್ನದೆ ಅರಮನೆ ಕೊಟ್ಟಿದ್ದರೆ ಅದು ದಾನವಾಗುತ್ತಿತ್ತು, ಸ್ನೇಹವಾಗುತ್ತಿರಲಿಲ್ಲ. ಕೊಡುವವನಿಗೆ ಲಜ್ಜೆಯೂ ಭಯವೂ ಇರಬೇಕೆಂದು ತೈತ್ತಿರೀಯ ಉಪನಿಷತ್ತು ಓದು ಮುಗಿಸಿ ಹೊರಟ ಶಿಷ್ಯನಿಗೆ ತಿಳಿಸುತ್ತದೆ. ತೆಗೆದುಕೊಳ್ಳುವವನ ನಾಚಿಕೆ ನಮಗೆ ಗೊತ್ತು. ಕೊಡುವವನೂ ನಾಚಬೇಕೆಂದು ಹೇಳಿದ ಋಷಿ ಮನುಷ್ಯರನ್ನು ಚೆನ್ನಾಗಿ ಬಲ್ಲವನು.

ಆ ವರ್ಷ ನಾವು ಹಳೆಯ ಲಾಡ್ಜಿನಲ್ಲೇ ಇಳಿದೆವು. ಪ್ರೆಸ್ಸಿನವನೂ ಬಂದ, ನಾಮಕರಣದ ಮಾತನ್ನು ಯಾರೂ ಎತ್ತಲಿಲ್ಲ. ಮೇಷ್ಟ್ರು ಒಂದು ಹೊಸ ಪದ್ಧತಿ ತಂದ. ಬಂದ ಕೂಡಲೇ ಒಬ್ಬೊಬ್ಬರೂ ಎರಡು ಸಾವಿರ ರೂಪಾಯಿಯನ್ನು ಒಂದು ಬಟ್ಟೆಯ ಚೀಲಕ್ಕೆ ಹಾಕಬೇಕು. ಎರಡು ದಿನದ ಎಲ್ಲ ಖರ್ಚೂ ಅದರಿಂದಲೇ. ಚೀಲಕ್ಕೆ ಆಗದ್ದು ನಮಗೂ ಬೇಡ. ಎರಡು ಸಾವಿರ ಎಂಬ ಅಂಕಿ ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಮೇಷ್ಟ್ರು ಅದನ್ನು ಯಾರ ಜೇಬು ನೋಡಿ ಗೊತ್ತುಮಾಡಿದನೆಂದು ಐವರಿಗೂ ಗೊತ್ತಿತ್ತು. ಪ್ರೆಸ್ಸಿನವನು ಮನೆಯಿಂದ ಒಂದು ಡಬ್ಬ ಕೋಡುಬಳೆ ತಂದಿದ್ದ. ಕುಕ್ಕರಹಳ್ಳಿ ಕೆರೆಯ ಏರಿಯ ಕಲ್ಲುಬೆಂಚಿನ ಮೇಲೆ, ನೀರಿನಲ್ಲಿ ಹೆಜ್ಜಾರ್ಲೆಗಳು ದೋಣಿಗಳ ಹಾಗೆ ತೇಲುತ್ತಿರುವುದನ್ನು ನೋಡುತ್ತ, ಸಕ್ಕರೆ ಕಾಯಿಲೆಯ ಕಂಟ್ರಾಕ್ಟರು ಒಂದಾದ ಮೇಲೊಂದು ಒಂಬತ್ತು ಕೋಡುಬಳೆ ತಿಂದ. “ಸಾಕು ಬಿಡೋ, ರಾತ್ರಿ ಊಟಕ್ಕೆ ಏನ್ ಮಾಡ್ತೀಯ?” ಎಂದು ಬ್ಯಾಂಕಿನವನು ಡಬ್ಬಿ ಎಳೆದುಕೊಂಡ. ರುಕ್ಮಿಣಿಯ ಪಾತ್ರ ಅವನಿಗೆ ಬಂದಿತ್ತು.

ಇದರಲ್ಲಿ ಒಂದು ತೊಡಕು ಉಳಿಯುತ್ತದೆ. ಎಲ್ಲರಿಗೂ ಗೊತ್ತಿದ್ದು ಯಾರೂ ಆಡದ ಈ ಏರ್ಪಾಟು ಒಂದು ನಾಟಕವಲ್ಲವೆ? ಇಬ್ಬರಿಗೆ ಎರಡು ಸಾವಿರ ಏನೂ ಅಲ್ಲ, ಒಬ್ಬನಿಗೆ ಅದು ನಾಲ್ಕು ದಿನದ ದುಡಿಮೆ. ಸಮಪಾಲು ಎಂದ ಮಾತ್ರಕ್ಕೆ ಸಮವಾಗುತ್ತದೆಯೆ? ಆಗುವುದಿಲ್ಲ. ಲೆಕ್ಕದಲ್ಲಿ ಅನ್ಯಾಯವೇ ಇದೆ. ಆದರೆ ಪ್ರೆಸ್ಸಿನವನು ಬಯಸಿದ್ದು ಲೆಕ್ಕದ ನ್ಯಾಯವನ್ನಲ್ಲ. ದೋಸೆ ತಿನ್ನುವಾಗ ಇನ್ನೊಂದು ಹೇಳಲೇ ಬೇಡವೇ ಎಂದು ಇನ್ನೊಬ್ಬರ ಮುಖ ನೋಡದೆ ಹೇಳುವ ಸ್ವಾತಂತ್ರ್ಯವನ್ನು. ಅದರ ಬೆಲೆ ಎರಡು ಸಾವಿರವಾದರೆ ಕೊಡುತ್ತೇನೆ ಎಂದು ಅವನು ತೀರ್ಮಾನಿಸಿದ್ದ. ಅವನ ತೀರ್ಮಾನವನ್ನು ಅವನ ಒಳಿತಿಗಾಗಿ ನಾವು ಬದಲಾಯಿಸುವುದು ತಪ್ಪು. ಇನ್ನು ನಾಟಕದ ಮಾತು. ಮನೆಗೆ ಬಂದ ನೆಂಟರ ಮುಂದೆ ಅಕ್ಕಿ ಮುಗಿದದ್ದನ್ನು ಹೇಳದಿರುವುದೂ ನಾಟಕವೇ. ಮೋಸ ಹೋಗುವವರು ಯಾರೂ ಇಲ್ಲದ ನಾಟಕಕ್ಕೆ ಸುಳ್ಳು ಎಂಬ ಹೆಸರು ಒಪ್ಪುವುದಿಲ್ಲ.

ಎರಡನೆಯ ತೊಡಕು ಇದಕ್ಕಿಂತ ಗಟ್ಟಿಯಾದದ್ದು. ಸುಖದಲ್ಲಿ ಹೀಗೆ ಸಮಪಾಲು ಎಂದು ಪಟ್ಟು ಹಿಡಿದರೆ ಕಷ್ಟದಲ್ಲಿ ಏನು ಗತಿ? ದೋಸೆಗೆ ಎರಡು ಸಾವಿರದ ಚೀಲ ಸಾಕು, ಆಸ್ಪತ್ರೆಗೆ ಸಾಲದು. ಈ ಪ್ರಶ್ನೆಗೆ ಉತ್ತರ ಬರಲು ತಡವಾಗಲಿಲ್ಲ. ಮೂರು ತಿಂಗಳಾದ ಮೇಲೆ ಪ್ರೆಸ್ಸಿನವನ ಹೆಂಡತಿಗೆ ಆಪರೇಷನ್ ಆಗಬೇಕಾಯಿತು. ಅವನು ನೇರವಾಗಿ ಕಂಟ್ರಾಕ್ಟರಿಗೆ ಫೋನು ಮಾಡಿ, “ಲೋ, ಒಂದು ಲಕ್ಷ ಬೇಕು ಕಣೋ, ಯಾವಾಗ ವಾಪಸು ಕೊಡ್ತೀನಿ ಅಂತ ಹೇಳೋಕಾಗಲ್ಲ” ಎಂದ. ರೆಸಾರ್ಟಿನ ಒಂದು ರಾತ್ರಿಯನ್ನು ತೆಗೆದುಕೊಳ್ಳಲಾರದೆ ಸುಳ್ಳು ಹೇಳಿದ್ದವನು ಒಂದು ಲಕ್ಷವನ್ನು ಮುಲಾಜಿಲ್ಲದೆ ಕೇಳಿದ. ಕಂಟ್ರಾಕ್ಟರು ನನಗೆ ಈ ಸುದ್ದಿ ಹೇಳುವಾಗ ದುಡ್ಡಿನ ಮಾತು ಎತ್ತಲಿಲ್ಲ. “ಅವನು ಕೇಳಿದ ಕಣೋ” ಎಂದ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಹೇಳಿದ.

ಇಲ್ಲಿ ನಾನು ಹರಿಕಥೆಯ ದಾಸರಿಂದ ಸ್ವಲ್ಪ ಬೇರೆಯಾಗುತ್ತೇನೆ. ಕುಚೇಲ ಕೊನೆಯವರೆಗೂ ಕೇಳಲಿಲ್ಲ ಎಂಬುದನ್ನು ಅವರು ಕೊಂಡಾಡುತ್ತಾರೆ. ಭಕ್ತನಿಗೆ ಅದು ದೊಡ್ಡ ಗುಣ. ದೇವರಿಗೆ ಹೇಳದೆಯೇ ತಿಳಿಯುತ್ತದೆ. ಮನುಷ್ಯರಿಗೆ ತಿಳಿಯುವುದಿಲ್ಲ. ಕೇಳಲಾಗದ ಸ್ನೇಹದಲ್ಲಿ ಏನೋ ಒಂದು ಕೊರತೆ ಉಳಿದಿರುತ್ತದೆ. ಕೇಳುವ ಬಾಯಿ ಬರುವುದಾದರೂ ಹೇಗೆ? ಬೇಡದಿರುವಾಗ ಸಮನಾಗಿ ಕೂತು ತಿಂದ ಅಭ್ಯಾಸದಿಂದ ಬರುತ್ತದೆ ಎಂದು ನನಗೆ ತೋರುತ್ತದೆ. ಸುಖದಲ್ಲಿ ಹಂಗಿಲ್ಲದವನಿಗೆ ಕಷ್ಟದಲ್ಲಿ ಕೈ ಚಾಚುವುದು ಅವಮಾನವೆನಿಸುವುದಿಲ್ಲ. ವರ್ಷವೆಲ್ಲ ಹಂಗಿನ ದೋಸೆ ತಿಂದವನು ಆಸ್ಪತ್ರೆಯ ದಿನ ಬಡ್ಡಿಯವನ ಬಾಗಿಲಿಗೆ ಹೋಗುತ್ತಾನೆ, ಗೆಳೆಯನ ಬಾಗಿಲಿಗೆ ಹೋಗುವುದಿಲ್ಲ.

ಕಠೋಪನಿಷತ್ತಿನಲ್ಲಿ ಯಮನು ನಚಿಕೇತನಿಗೆ ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ, ವಿವೇಕಿಯು ಮೊದಲನೆಯದನ್ನು ಆರಿಸಿಕೊಳ್ಳುತ್ತಾನೆ ಎಂದು ಬೋಧಿಸುತ್ತಾನೆ. ಆನೆ, ಕುದುರೆ, ಚಿನ್ನ, ದೀರ್ಘಾಯುಷ್ಯ ಎಲ್ಲವನ್ನೂ ಒಡ್ಡಿದಾಗ ಬೇಡವೆಂದ ಹುಡುಗನಿಗೆ ಆ ಮಾತು ಸರಿಯೇ. ಆದರೆ ಯಮನ ಪಟ್ಟಿಯಲ್ಲಿ ಇರುವುದೆಲ್ಲ ಒಬ್ಬನೇ ಅನುಭವಿಸುವಂಥ ದೊಡ್ಡ ಸುಖಗಳು. ಐವರು ಮುದುಕರು ಹಂಚಿಕೊಂಡು ತಿನ್ನುವ ಕೋಡುಬಳೆ ಅದರಲ್ಲಿಲ್ಲ. ಅದನ್ನು ಯಾವ ಕಡೆ ಸೇರಿಸಬೇಕೆಂದು ಯಾರಾದರೂ ಕೇಳಿದರೆ, ಪ್ರೇಯಸ್ಸಿನ ಕಡೆಗೇ ಎಂದು ನಾನು ಒಪ್ಪುತ್ತೇನೆ, ರುಚಿಗಾಗಿಯೇ ತಿಂದದ್ದು ಅದು. ಆದರೆ ಅದನ್ನು ತಿನ್ನುತ್ತಿದ್ದಾಗ ಯಾರ ಅರಿವಿಗೂ ಬಾರದಂತೆ ಶ್ರೇಯಸ್ಸಿನ ಕೆಲಸವೂ ಒಂದಷ್ಟು ಆಗಿಹೋಯಿತು.