ಕಚ್ಚಿಕೊಂಡ ಚಕ್ರ

ಬಲಪ್ರಯೋಗ ಎಲ್ಲಿಯವರೆಗೆ ನ್ಯಾಯ? ಈ ಪ್ರಶ್ನೆ ನಮಗೆ ಎದುರಾದದ್ದು ಯಾವ ಗ್ರಂಥದಲ್ಲೂ ಅಲ್ಲ, ಮಾಟುಂಗದ ನೆರೆಯವರ ಹಳೆಯ ಫಿಯಟ್ ಕಾರಿನಲ್ಲಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿ, ಮೂಲರೂಪ ಉಳಿಸಿಕೊಂಡ ಕಾರನ್ನು 2021ರ ಕೇಂದ್ರ ನಿಯಮ ‘ವಿಂಟೇಜ್’ ಎಂದು ಮನ್ನಿಸುತ್ತದೆ. ಅದರ ಸ್ಟಿಯರಿಂಗ್ ಚಕ್ರ ಮಾತ್ರ ಯಾವ ನಿಯಮಕ್ಕೂ ಬಗ್ಗದೆ ದಂಡಕ್ಕೆ ಕಚ್ಚಿಕೊಂಡಿತ್ತು. ಅದನ್ನು ಕಳಚದೆ ಹಾರನ್ನಿನ ತಂತಿ ಸರಿಮಾಡುವಂತಿರಲಿಲ್ಲ.

ನಾವು ಸುತ್ತಿಗೆ ಎತ್ತಿದೆವು. ವಯಸ್ಸಾದ ಮೇಸ್ತ್ರಿ ಕೈ ತಡೆದರು. ಕಬ್ಬಿಣ ತುಕ್ಕಾದಾಗ ಹೆಚ್ಚು ಜಾಗ ಬೇಡುತ್ತದೆ, ಸಂದನ್ನೆಲ್ಲ ತುಂಬಿ ಬಿಗಿಯುತ್ತದೆ. ಬಿ.ಎಸ್ಸಿ.ಯಲ್ಲಿ ಓದಿದ್ದು ಆ ಗಳಿಗೆಯಲ್ಲಿ ಮರೆತಿತ್ತು. ಹೊಡೆದರೆ ಕೆಡುವುದು ದಂಡದ ಥ್ರೆಡ್ಡು, ಕೆಳಗಿನ ಬೇರಿಂಗು. ಮೇಸ್ತ್ರಿ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಯಲು ಬಿಟ್ಟರು. ಮರುದಿನ ಚಕ್ರ ಕೂತಿದ್ದ ಜಾಗಕ್ಕೆ ಗುರುತು ಹಾಕಿ, ಪುಲ್ಲರ್ ಜೋಡಿಸಿ, ಎರಡೂ ಬದಿ ಸಮನಾಗಿ ಎಳೆಯುವಂತೆ ಮೆಲ್ಲನೆ ಬಿಗಿಸಿದರು. ನಟ್ಟನ್ನು ಸಡಿಲಿಸಿದ್ದರೂ ಪೂರ್ತಿ ತೆಗೆದಿರಲಿಲ್ಲ. ಚಕ್ರ ಒಮ್ಮೆಲೇ ಕಳಚಿ ಮುಖಕ್ಕೆ ಬಡಿಯಬಾರದಲ್ಲ!

ಪುಲ್ಲರಿನದೂ ಬಲವೇ. ಆದರೆ ಅದಕ್ಕೆ ದಿಕ್ಕುಂಟು, ಹದವುಂಟು, ತಡೆಯೂ ಉಂಟು. ತಾಳ್ಮೆಯೆಂದರೆ ಬಲವನ್ನು ಬಿಡುವುದಲ್ಲ, ಅದಕ್ಕೆ ಲಗಾಮು ಹಾಕುವುದು.

ಊರಿನ ಮನೆಯ ಪಾಲಿಗಾಗಿ ಅಣ್ಣನವರಿಗೂ ನಮಗೂ 11 ವರ್ಷಗಳ ಮನಸ್ತಾಪ. ನಮ್ಮ ಹಕ್ಕು ಸುಳ್ಳಲ್ಲ. ಆದರೆ ನಾವು ಬರೆದ ಕಾಗದಗಳೆಲ್ಲ ಸುತ್ತಿಗೆಯ ಏಟುಗಳೇ. ಮೊನ್ನೆ ಪಾಲಿನ ಮಾತೆತ್ತದೆ, ಅತ್ತಿಗೆಯ ಮಂಡಿನೋವು ಹೇಗಿದೆಯೆಂದು ಕೇಳಿ ಬರೆದೆವು. ಉತ್ತರ ಇನ್ನೂ ಬಂದಿಲ್ಲ. ಎಣ್ಣೆ ಇಳಿಯಲು ಹೊತ್ತು ಹಿಡಿಯುತ್ತದೆ.